ಬೈಸಿಕಲ್ಲಿನ ಮೇಲೆ ಯಲಹಂಕ ನಾಡು

ನಮ್ಮ ಮನೆಯ ಹಿತ್ತಿಲ ಗೋಡೆಗೆ ಒರಗಿ ನಿಂತಿರುವ ಕರಿಯ ಬೈಸಿಕಲ್ಲು ನನ್ನ ತಂದೆಯವರದು. ಯಶವಂತಪುರದಿಂದ ಜಾಲಹಳ್ಳಿಯ ಎಚ್.ಎಂ.ಟಿ. ಕಾರ್ಖಾನೆಗೆ ಅವರು ವರ್ಷಗಟ್ಟಲೆ ಹೋಗಿ ಬಂದದ್ದು ಅದರ ಮೇಲೆಯೇ. ಆ ದಾರಿಯನ್ನೆಲ್ಲ ಒಂದಕ್ಕೊಂದು ಗಂಟು ಹಾಕಿದ್ದರೆ ಕಾಶಿಗೆ ನಾಲ್ಕಾರು ಸಲ ಹೋಗಿ ಬರಬಹುದಾಗಿತ್ತೆಂದು ತಾಯಿ ಹಾಸ್ಯ ಮಾಡುವುದುಂಟು. ತಂದೆಯವರು ನಿವೃತ್ತರಾದ ಮೇಲೆ ಅದು ನನ್ನ ಪಾಲಿಗೆ ಬಂತು. ಕಾಲೇಜಿಗೆ ನಾನು ಹೋಗುವುದು ಬಸ್ಸಿನಲ್ಲಿ. ಭಾನುವಾರ ಬೆಳಗ್ಗೆ ಮಾತ್ರ ಬೈಸಿಕಲ್ಲಿನ ಸರಪಳಿಗೆ ಎರಡು ಹನಿ ಎಣ್ಣೆ ಬಿಟ್ಟು, ಚಕ್ರಗಳಿಗೆ ಗಾಳಿ ತುಂಬಿ, ಹೆಗಲಿಗೊಂದು ಚೀಲ ಹಾಕಿಕೊಂಡು ಹೊರಡುತ್ತೇನೆ. ಚೀಲದಲ್ಲಿ ನೀರಿನ ಬಾಟ್ಲಿ, ನೋಟುಬುಕ್ಕು, ಎರಡು ಪೆನ್ಸಿಲು, ಒಂದು ಮೆತ್ತನೆಯ ಬ್ರಷ್ಷು.

"ಎಲ್ಲಿಗೋ ಸವಾರಿ?" ಎಂದು ತಂದೆಯವರು ಕುರ್ಚಿಯಿಂದಲೇ ಕೇಳುತ್ತಾರೆ.

"ಯಲಹಂಕದ ಕಡೆಗೆ, ಅಪ್ಪ."

"ಹೋದ ವಾರವೂ ಅಲ್ಲಿಗೇ ಹೋಗಿದ್ದೆಯಲ್ಲೋ! ಮುಗಿಯದಷ್ಟು ಏನಿದೆ ಅಲ್ಲಿ?"

ಈ ಲೇಖನ ಅವರ ಆ ಪ್ರಶ್ನೆಗೆ ನಾನು ಕೊಡಬೇಕೆಂದಿರುವ ಉತ್ತರ.

ಬೆಂಗಳೂರಿನ ಚರಿತ್ರೆಯನ್ನು ನಾವು ಸಾಮಾನ್ಯವಾಗಿ 1537ರಿಂದ ಎಣಿಸುತ್ತೇವೆ. ಆ ವರ್ಷ ಕೆಂಪೇಗೌಡರು ನೇಗಿಲು ಕಟ್ಟಿದ ಎತ್ತುಗಳನ್ನು ನಾಲ್ಕು ದಿಕ್ಕಿಗೆ ಓಡಿಸಿ, ಅವು ಗೆರೆ ಎಳೆದಲ್ಲಿ ಬೀದಿಗಳನ್ನು ಹಾಕಿಸಿ ಪೇಟೆ ಕಟ್ಟಿಸಿದರೆಂಬ ಕಥೆಯನ್ನು ಶಾಲೆಯ ಮಕ್ಕಳೂ ಬಲ್ಲರು. ಕಥೆಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಕೆಂಪೇಗೌಡರ ಬಿರುದನ್ನು ಗಮನಿಸಿರಿ. ಅವರು 'ಯಲಹಂಕ ನಾಡಪ್ರಭು'. ಪೇಟೆ ಹುಟ್ಟುವ ಮೊದಲೇ ನಾಡೊಂದಿತ್ತು, ಆ ನಾಡಿಗೊಂದು ಊರಿತ್ತು, ಆ ಊರಿನಿಂದ ಹೊರಟವರೇ ಪೇಟೆಯನ್ನು ಕಟ್ಟಿದರು. ಹೊಸ ಪೇಟೆಗೆ ನಾಲ್ಕು ಹೆಬ್ಬಾಗಿಲುಗಳು: ಪೂರ್ವಕ್ಕೆ ಹಲಸೂರು ಬಾಗಿಲು, ಪಶ್ಚಿಮಕ್ಕೆ ಸೊಂಡೇಕೊಪ್ಪದ ಬಾಗಿಲು, ದಕ್ಷಿಣಕ್ಕೆ ಆನೇಕಲ್ಲು ಬಾಗಿಲು, ಉತ್ತರದ್ದು ಯಲಹಂಕ ಬಾಗಿಲು. ಬಾಗಿಲು ಬಿದ್ದುಹೋಗಿ ಎಷ್ಟೋ ಕಾಲವಾಯಿತು. ಆದರೂ ಮೈಸೂರು ಬ್ಯಾಂಕಿನ ವೃತ್ತದಲ್ಲಿರುವ ಆಂಜನೇಯನನ್ನು ಭಕ್ತರು ಇಂದಿಗೂ ಯಲಹಂಕ ಬಾಗಿಲಿನ ಆಂಜನೇಯನೆಂದೇ ಕರೆಯುತ್ತಾರೆ. ಮಗಳು ಬೇರೆ ಮನೆ ಹೂಡಿದರೂ ತಲೆಬಾಗಿಲನ್ನು ತವರಿನ ಕಡೆಗೆ ಇರಿಸಿಕೊಂಡಂತೆ ಇದು. ಆಮೇಲೆ ಮಗಳು ಬೆಳೆದಳು. ಎಷ್ಟು ಬೆಳೆದಳೆಂದರೆ 2007ರಲ್ಲಿ ತವರುಮನೆಯೇ ಅವಳ ಹಿತ್ತಿಲೊಳಗೆ ಸೇರಿಹೋಯಿತು. ಆ ವರ್ಷ ಯಲಹಂಕ ನಗರಸಭೆಯನ್ನು ಬೆಂಗಳೂರು ಮಹಾನಗರಕ್ಕೆ ಕೂಡಿಸಿದರು.

ಈ ತವರನ್ನು ನೋಡಲು ಬೈಸಿಕಲ್ಲೇ ಏಕೆ ಎಂದು ಕೇಳಬಹುದು. ಮೋಟಾರಿನಲ್ಲಿ ಹೋದರೆ ಮೇಲುಸೇತುವೆಗಳ ಮೇಲೆ ಹಾರಿ ಹೋಗುತ್ತೇವೆ. ಊರುಗಳು ಕೆಳಗೇ ಉಳಿಯುತ್ತವೆ. ನಡೆದು ಹೋದರೆ ಹೆಬ್ಬಾಳ ಮುಟ್ಟುವ ವೇಳೆಗೆ ಬಿಸಿಲೇರಿರುತ್ತದೆ. ಇವೆರಡರ ನಡುವಣ ವೇಗ ಬೈಸಿಕಲ್ಲಿನದು. ಕಲ್ಲು ಕಂಡರೆ ಕಾಲೂರಿ ನಿಲ್ಲಬಹುದು, ಗಲ್ಲಿಯೊಳಕ್ಕೆ ತಿರುಗಿಸಬಹುದು, ಯಾರನ್ನಾದರೂ ಮಾತನಾಡಿಸಬಹುದು. ಹೀಗೆ ಚರಿತ್ರೆಯನ್ನು ಹುಡುಕಿ ಹೊರಟವರಲ್ಲಿ ನಾನೇ ಮೊದಲಿಗನೇನೂ ಅಲ್ಲ. ಮುಂದೆ ಅರೇಬಿಯದ ಲಾರೆನ್ಸನೆಂದು ಲೋಕಪ್ರಸಿದ್ಧನಾದ ಟಿ. ಇ. ಲಾರೆನ್ಸ್ ವಿದ್ಯಾರ್ಥಿಯಾಗಿದ್ದಾಗ, 1906ರಿಂದ 1908ರವರೆಗಿನ ಬೇಸಗೆಗಳಲ್ಲಿ, ಫ್ರಾನ್ಸಿನ ಹಳೆಯ ಊರುಗಳನ್ನೂ ಕೋಟೆಗಳನ್ನೂ ಬೈಸಿಕಲ್ಲಿನ ಮೇಲೆ ಸುತ್ತಿದ. 1908ರ ಒಂದೇ ಬೇಸಗೆಯಲ್ಲಿ ಅವನು ತುಳಿದ ದಾರಿ ಸುಮಾರು 2,400 ಮೈಲಿ. ಕೋಟೆಗಳ ಮೇಲೆ ಅವನು ಬರೆದ ಪ್ರಬಂಧಕ್ಕೆ ಆ ಅಲೆದಾಟವೇ ಆಧಾರವಾಯಿತು. ನನ್ನದು ಹೋಗಿ ಬರಲು 40 ಕಿಲೋಮೀಟರಿನ ಒಳಗಿನ ಸವಾರಿ. ಆದರೆ ಅವನಿಗಿದ್ದ ಒಂದು ಅನುಕೂಲ ನನಗಿಲ್ಲ. ಅವನು ನೋಡಹೊರಟ ಕೋಟೆಗಳು ಬೆಟ್ಟದಂತೆ ನಿಂತಿದ್ದವು. ಮುಂದಿನ ವರ್ಷ ಹೋದರೂ ಅಲ್ಲಿಯೇ ಇರುತ್ತಿದ್ದವು. ನಾನು ಹುಡುಕುವ ವಸ್ತುಗಳು ಮುಂದಿನ ಭಾನುವಾರಕ್ಕೆ ಇರುತ್ತವೆಂಬ ಭರವಸೆಯಿಲ್ಲ.

ಯಶವಂತಪುರದಿಂದ ಹೊರಟರೆ ಮೊದಲು ಸಿಕ್ಕುವುದು ವಿಜ್ಞಾನ ಮಂದಿರ. ಟಾಟಾ ಇನ್‌ಸ್ಟಿಟ್ಯೂಟ್ ಎಂದು ಹಳಬರು ಕರೆಯುವ ಈ ಸಂಸ್ಥೆಗೆ ಮೈಸೂರು ಸರಕಾರ 1907ರಲ್ಲಿ 371 ಎಕರೆ ಜಮೀನನ್ನು ಕೊಟ್ಟಿತು. 1909ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. ಆ ಮರಗಳ ನೆರಳಿನಲ್ಲಿ ಸಾಗುವಾಗ ನನಗೆ ನೆನಪಾಗುವುದು ಮೇದರನಿಂಗನಹಳ್ಳಿ. ಮಲ್ಲೇಶ್ವರದ ಕಾಡುಮಲ್ಲಿಕಾರ್ಜುನ ದೇವಸ್ಥಾನದ ಬಂಡೆಯ ಮೇಲೆ 1669ರ ಶಾಸನವೊಂದಿದೆ. ಶಿವಾಜಿಯ ತಮ್ಮ ಏಕೋಜಿ ಮಲ್ಲಪುರದ ಮಲ್ಲಿಕಾರ್ಜುನನ ಸೇವೆಗೆ ಮೇದರನಿಂಗನಹಳ್ಳಿಯನ್ನು ಬಿಟ್ಟುಕೊಟ್ಟದ್ದನ್ನು ಅದು ಹೇಳುತ್ತದೆ. ಆ ಹಳ್ಳಿ ಇದ್ದ ಭೂಮಿಯಲ್ಲೇ ಇಂದು ವಿಜ್ಞಾನಿಗಳು ಓಡಾಡುತ್ತಿದ್ದಾರೆ. ಹೆಸರಿನಲ್ಲಿ ಮೇದರಿದ್ದಾರೆ, ಬಿದಿರು ಸೀಳಿ ಬುಟ್ಟಿ ಹೆಣೆಯುವವರು. ಊರು ಹೋಯಿತು, ಹೆಸರು ಕಲ್ಲಿನ ಮೇಲೆ ಉಳಿಯಿತು. ಆ ಕಲ್ಲು ಇಲ್ಲದಿದ್ದರೆ ಇಲ್ಲೊಂದು ಹಳ್ಳಿಯಿತ್ತೆಂದು ಹೇಳುವವರು ಯಾರು?

ಅಲ್ಲಿಂದ ಸರ್ ಸಿ. ವಿ. ರಾಮನ್ ಅವರ ಹೆಸರಿನ ರಸ್ತೆಯಲ್ಲಿ ಏರುತ್ತ ಹೋದರೆ ಮೇಖ್ರಿ ವೃತ್ತ. ಅದರ ಸಮೀಪ, ಬಳ್ಳಾರಿ ರಸ್ತೆಯ ಪಕ್ಕದ ಉದ್ಯಾನದಲ್ಲಿ, ನಾಲ್ಕು ಕಲ್ಲುಕಂಬಗಳ ಪುಟ್ಟ ಗೋಪುರ ನಿಂತಿದೆ. ಲಾಲ್‌ಬಾಗಿನ ಬಂಡೆಯ ಮೇಲೆ, ಕೆಂಪಾಂಬುಧಿ ಕೆರೆಯ ಬಳಿ, ಹಲಸೂರು ಕೆರೆಯ ಬಳಿ ಇರುವ ಇಂಥವೇ ಮೂರರ ಜೊತೆಗೆ ಇದು ನಾಲ್ಕನೆಯದು. ಊರು ಈ ಎಲ್ಲೆಯ ತನಕ ಬೆಳೆಯುವುದೆಂದು ಗೌಡರ ವಂಶದವರು ಗುರುತು ನೆಟ್ಟರೆಂಬುದು ಜನರ ನಂಬಿಕೆ. ನಿಜವಿರಲಿ ಬಿಡಲಿ, ಗೋಪುರ ಕಟ್ಟಿದವನಿಗೆ ನೆಲದ ಏರಿಳಿತ ಚೆನ್ನಾಗಿ ತಿಳಿದಿತ್ತು. ಇಲ್ಲಿ ನಿಂತು ಉತ್ತರಕ್ಕೆ ತಿರುಗಿದರೆ ನೆಲ ಇಳಿಯತೊಡಗುತ್ತದೆ. ಕಾರಿನಲ್ಲಿ ಕುಳಿತವರಿಗೆ ಈ ಇಳಿಜಾರು ತಿಳಿಯುವುದಿಲ್ಲ. ಬೈಸಿಕಲ್ಲಿನವನ ಮೊಳಕಾಲಿಗೆ ತಿಳಿಯುತ್ತದೆ. ತುಳಿಯುವುದನ್ನು ನಿಲ್ಲಿಸಿ ಸುಮ್ಮನೆ ಕುಳಿತರೂ ಬೈಸಿಕಲ್ಲು ಗಂಗಾನಗರವನ್ನು ದಾಟಿ ತಾನೇ ಹೆಬ್ಬಾಳದ ಕಡೆಗೆ ಉರುಳುತ್ತದೆ. ಮಳೆಯ ನೀರು ಹಿಡಿಯುವ ದಾರಿಯೂ ಇದೇ. ಅದಕ್ಕೇ ಆ ಇಳಿಜಾರಿನ ತುದಿಯಲ್ಲಿ ಕೆರೆಯಿದೆ.

ಹೆಬ್ಬಾಳವೆಂದೊಡನೆ ಇಂದಿನವರಿಗೆ ನೆನಪಾಗುವುದು ಮೇಲುಸೇತುವೆ, ಅದರ ಮೇಲೆ ನಿಂತ ವಾಹನಗಳ ಸಾಲು. ಅದಕ್ಕೂ ಹಿಂದಿನವರಿಗೆ ಅದು ಕೃಷಿಯ ಊರು. 1899ರಲ್ಲಿ ಮಹಾರಾಣಿ ರೀಜೆಂಟರಾಗಿದ್ದ ಕೆಂಪನಂಜಮ್ಮಣ್ಣಿಯವರು ಇಲ್ಲಿ 30 ಎಕರೆ ಜಮೀನು ಕೊಟ್ಟು ವ್ಯವಸಾಯದ ಪ್ರಯೋಗಕ್ಷೇತ್ರವನ್ನು ತೆರೆಯಿಸಿದರು. ಡಾಕ್ಟರ್ ಲೇಮನ್ ಅದನ್ನು ನಡೆಸಿದರು. 1913ರಲ್ಲಿ ಕೋಲ್ಮನ್ ಅವರ ಕಾಲಕ್ಕೆ ಕೃಷಿಶಾಲೆ, 1946ರಲ್ಲಿ ಕೃಷಿ ಕಾಲೇಜು, 1964ರಲ್ಲಿ ವಿಶ್ವವಿದ್ಯಾನಿಲಯ. ಹೀಗೆ ಒಂದು ಸಸಿ ಮರವಾಯಿತು. ಆದರೆ ಹೆಬ್ಬಾಳದ ವಯಸ್ಸು ಇಷ್ಟೇ ಎಂದು ತಿಳಿದವರಿಗೆ 2018ರಲ್ಲಿ ಒಂದು ಚರಂಡಿ ಬೇರೆ ಪಾಠ ಹೇಳಿತು.

ಹಳೆಯ ಹೆಬ್ಬಾಳದ ಗಲ್ಲಿಯೊಂದರಲ್ಲಿ ಆ ವರ್ಷ ಚರಂಡಿಗಾಗಿ ನೆಲ ಅಗೆಯುತ್ತಿದ್ದಾಗ ಕೆತ್ತನೆಯಿದ್ದ ಕಲ್ಲೊಂದು ಹೊರಬಿತ್ತು. ಬೆಂಗಳೂರಿನ ಶಾಸನಗಳನ್ನು ಹುಡುಕಿ ಕಾಪಾಡಲು ಹೊರಟಿದ್ದ ಕೆಲವು ಆಸಕ್ತರ ಕಣ್ಣಿಗೆ ಅದು ಬಿತ್ತು. ವಿದ್ವಾಂಸರು ಓದಿದರು. ಅದು ವೀರಗಲ್ಲು, ಸುಮಾರು ಕ್ರಿ.ಶ. 750ರದು, ಗಂಗರ ದೊರೆ ಶ್ರೀಪುರುಷನ ಕಾಲದ್ದು. ರಾಷ್ಟ್ರಕೂಟರ ಕಡೆಯ ಪಡೆ 'ಪೆರ್ಬೊಳಲ್‌ನಾಡು ಮೂವತ್ತು' ಎಂಬ ಸೀಮೆಯ ಮೇಲೆ ಬಿದ್ದಾಗ ಕಿತ್ತಯ ಎಂಬವನು ಹೋರಾಡಿ ಮಡಿದು ಇಂದ್ರಲೋಕಕ್ಕೆ ಸಂದನೆಂದು ಅದರ ತಾತ್ಪರ್ಯ. ಅಕ್ಷರಗಳ ಜೊತೆಗೆ ಕಾದಾಡುವ ವೀರನ ಆಕೃತಿಯೂ ಉಂಟು. 'ಬೆಂಗಳೂರು' ಎಂಬ ಹೆಸರು ಬರುವ ಬೇಗೂರಿನ ಕಲ್ಲು ಸುಮಾರು 890ರದು. ಇದು ಅದಕ್ಕಿಂತ ನೂರು ವರ್ಷಕ್ಕೂ ಹೆಚ್ಚು ಹಳೆಯದು. ಈಗ ಕಲ್ಲಿಗೆ ಒಂದು ಪುಟ್ಟ ಮಂಟಪವಾಗಿದೆ. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿಯವರು 2021ರಲ್ಲಿ ಆರಂಭಿಸಿದ ಯೋಜನೆಯೊಂದರಲ್ಲಿ ಬೆಂಗಳೂರಿನ ಇಂಥ ಕಲ್ಲುಗಳ ಅಕ್ಷರಗಳನ್ನು ಯಂತ್ರದ ಕಣ್ಣಿನಿಂದ, ಆಳ ಅಗಲ ಸಹಿತವಾಗಿ, ಹಿಡಿದಿಡುವ ಕೆಲಸವೂ ನಡೆದಿದೆ.

ಕನ್ನಡದ ಮೇಷ್ಟರಾದ ನನಗೆ ಈ ಕಲ್ಲಿನಲ್ಲಿ ಇನ್ನೊಂದು ಸಂತೋಷ. ಊರಿನ ಹೆಸರನ್ನು ನೋಡಿರಿ. 'ಪೆರ್' ಎಂದರೆ ದೊಡ್ಡ, 'ಪೊಳಲ್' ಎಂದರೆ ಪಟ್ಟಣ. ಎರಡೂ ಸೇರಿ ಪೆರ್ಬೊಳಲ್. ಹತ್ತನೆಯ ಶತಮಾನದಿಂದೀಚೆಗೆ ಕನ್ನಡದಲ್ಲಿ ಪದದ ಮೊದಲ ಪಕಾರ ಹಕಾರವಾಗುತ್ತ ಬಂದಿತು. ಪಾಲು ಹಾಲಾಯಿತು, ಪೂವು ಹೂವಾಯಿತು, ಪಳ್ಳಿ ಹಳ್ಳಿಯಾಯಿತು. ಪೆರ್ಬೊಳಲ್ ಕೂಡ ಹೆಬ್ಬೊಳಲಾಗಿ, ನಾಲಗೆಯ ಮೇಲೆ ಸವೆದು ಹೆಬ್ಬಾಳವಾಯಿತು. ತರಗತಿಯಲ್ಲಿ ಪಕಾರ ಹಕಾರವಾಗುವ ಈ ಸೂತ್ರವನ್ನು ಹೇಳಿದಾಗ ಆಕಳಿಸುವ ಹುಡುಗರನ್ನು ಈ ಮಂಟಪದ ಮುಂದೆ ನಿಲ್ಲಿಸಿದ್ದೇನೆ. ತಾವು ದಿನವೂ ಬಸ್ಸು ಹಿಡಿಯುವ ನಿಲ್ದಾಣದ ಹೆಸರು 1,200 ವರ್ಷಕ್ಕೂ ಹಿಂದೆ 'ದೊಡ್ಡ ಪಟ್ಟಣ' ಎಂಬರ್ಥದಲ್ಲಿ ಬಳಕೆಯಲ್ಲಿತ್ತೆಂದು ತಿಳಿದ ಮೇಲೆ ಅವರಲ್ಲಿ ಒಬ್ಬನೂ ಆಕಳಿಸಲಿಲ್ಲ.

ಹೆಬ್ಬಾಳದಿಂದ ಮುಂದೆ ದೊಡ್ಡ ರಸ್ತೆಯನ್ನು ಬಿಟ್ಟು ಪಕ್ಕದ ದಾರಿ ಹಿಡಿಯುವುದು ಕ್ಷೇಮ. ವಿಮಾನನಿಲ್ದಾಣಕ್ಕೆ ಓಡುವ ವಾಹನಗಳಿಗೆ ಬೈಸಿಕಲ್ಲಿನವನ ಮೇಲೆ ದಯೆಯಿಲ್ಲ. ಬ್ಯಾಟರಾಯನಪುರವನ್ನು ದಾಟಿ ಜಕ್ಕೂರಿನ ಏರಿಯ ಮೇಲೆ ಬಂದು ನಿಂತರೆ ಗಾಳಿ ತಂಪಾಗಿ ಮುಖಕ್ಕೆ ಬಡಿಯುತ್ತದೆ. ಈ ಏರಿಯ ಮೇಲೆ ನಿಂತಾಗಲೇ ನಾಡಿನ ರಚನೆ ನನಗೆ ಅರ್ಥವಾದದ್ದು. ಯಲಹಂಕದ ಕಡೆಯ ಮತ್ತು ಅಲ್ಲಾಳಸಂದ್ರದ ಕೆರೆಯ ನೀರು ಕೋಡಿ ಹರಿದರೆ ಜಕ್ಕೂರಿಗೆ. ಜಕ್ಕೂರು ತುಂಬಿದರೆ ರಾಚೇನಹಳ್ಳಿಗೆ. ಹೀಗೆ ಒಂದರ ಮಿಗತೆ ಇನ್ನೊಂದರ ಊಟವಾಗುತ್ತ ಕೊನೆಗೆ ದಕ್ಷಿಣ ಪಿನಾಕಿನಿಗೆ. ಹೊಳೆಯಿಲ್ಲದ ಊರಿನವರು ಕೆರೆಗಳನ್ನು ಸರಪಳಿಯಂತೆ ಪೋಣಿಸಿ ಬದುಕಿದರು. ಇದೇ ನಾಡಿನ ಪಶ್ಚಿಮದ ಮಗ್ಗುಲಿನ ನೀರು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಯಲಹಂಕದಿಂದ ಹೆಸರಘಟ್ಟದ ಕಡೆಗೆ ಬೈಸಿಕಲ್ಲು ತುಳಿದವನಿಗೆ ಈ ಎರಡು ನೀರುಗಳ ನಡುವಣ ದಿಣ್ಣೆ ತಿಳಿಯುತ್ತದೆ. ಇಷ್ಟು ಹೊತ್ತು ಭಾರವಾಗಿದ್ದ ಪೆಡಲು ಒಂದು ಕಡೆ ಇದ್ದಕ್ಕಿದ್ದಂತೆ ಹಗುರವಾಗುತ್ತದೆ. ಆ ಅರ್ಕಾವತಿಯ ಹೆಸರಘಟ್ಟದ ಕೆರೆಯಿಂದಲೇ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ ಕೈಗೊಂಡ ಚಾಮರಾಜೇಂದ್ರ ಜಲಕಾರ್ಯದ ಮೂಲಕ ಬೆಂಗಳೂರಿಗೆ ಮೊದಲ ಬಾರಿಗೆ ಕೊಳಾಯಿಯ ನೀರು ಬಂದದ್ದು.

ಕೆರೆಗಳು ಊರುಗಳ ಹೆಸರಿನಲ್ಲಿಯೂ ನಿಂತಿವೆ. ಅಲ್ಲಾಳಸಂದ್ರದ 'ಸಂದ್ರ' ಸಮುದ್ರವಲ್ಲದೆ ಬೇರೆಯಲ್ಲ. ಹಿಂದಿನವರು ತಾವು ಕಟ್ಟಿಸಿದ ಕೆರೆಯನ್ನು ಸಮುದ್ರವೆಂದು ಕರೆದು ಸಂತೋಷಪಟ್ಟರು. ಅಲ್ಲಾಳನೆಂಬುದು ಕಂಚಿಯ ವರದರಾಜನಿಗೆ ಸಲ್ಲುವ ಹೆಸರು. ಆ ದೇವರ ಹೆಸರಿನ ಕೆರೆಯೋ, ಆ ಹೆಸರು ಹೊತ್ತ ಮನುಷ್ಯನ ಕೆರೆಯೋ, ಅಂತೂ ಒಂದು ಕಾಲಕ್ಕೆ ಅದು ಅಲ್ಲಾಳಸಮುದ್ರ. ಕೊಡಿಗೇಹಳ್ಳಿಯ 'ಕೊಡಿಗೆ' ಎಂದರೆ ಉಪಕಾರಕ್ಕೆ ಪ್ರತಿಯಾಗಿ ಬಿಟ್ಟ ಭೂಮಿ. ಕೆರೆ ಕಟ್ಟಿದವನಿಗೆ ಕೊಡುತ್ತಿದ್ದುದು ಕಟ್ಟುಕೊಡಿಗೆ, ಊರಿಗಾಗಿ ಪ್ರಾಣಬಿಟ್ಟವನ ಮನೆಯವರಿಗೆ ಕೊಡುತ್ತಿದ್ದುದು ನೆತ್ತರುಕೊಡಿಗೆ. ಬಸ್ಸಿನ ಫಲಕದ ಮೇಲೆ ನಾವು ದಿನವೂ ಓದುವ ಈ ಹೆಸರುಗಳು ಒಂದೊಂದೂ ಒಂದು ಸಣ್ಣ ಶಾಸನ.

ಇನ್ನು ಯಲಹಂಕ. ಉಪನಗರದ ಅಚ್ಚುಕಟ್ಟಾದ ಬೀದಿಗಳನ್ನು ದಾಟಿ ಹಳೆಯ ಊರಿಗೆ ಬಂದರೆ ದಾರಿಗಳು ಕಿರಿದಾಗುತ್ತವೆ, ತಿರುವುಗಳು ಹೆಚ್ಚುತ್ತವೆ. ಹೂವಿನ ಬುಟ್ಟಿ, ತರಕಾರಿ ಗಾಡಿ, ವೇಣುಗೋಪಾಲಸ್ವಾಮಿಯ ಗುಡಿಯ ಗಂಟೆ; ಬೈಸಿಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗಬೇಕು. ಈ ಊರಿನ ಹೆಸರೂ ಪ್ರಯಾಣ ಮಾಡಿದೆ. ಹನ್ನೊಂದನೆಯ ಶತಮಾನದ ಆದಿಯಲ್ಲಿ ಚೋಳರು ಗಂಗವಾಡಿಯನ್ನು ಗೆದ್ದ ಮೇಲೆ ಹುಟ್ಟಿದ ತಮಿಳು ಶಾಸನಗಳಲ್ಲಿ ಇದು 'ಇಲೈಪ್ಪಾಕ್ಕ ನಾಡು'. ಹೊಯ್ಸಳರ ಕಾಲಕ್ಕೆ 'ಎಲಹಕ್ಕ ನಾಡು'. ಆಮೇಲೆ ಯಲಹಂಕ. ಹೆಬ್ಬಾಳದಲ್ಲಿ ಕಂಡ ಪಕಾರ ಹಕಾರಗಳ ಆಟವೇ ಇಲ್ಲಿಯೂ ನಡೆದು, 'ಪಕ್ಕ'ವೆಂಬುದು 'ಹಕ್ಕ'ವಾಗಿ, 'ಹಂಕ'ವಾಗಿರಬೇಕೆಂದು ನನಗೆ ತೋರುತ್ತದೆ. ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಬಂದರು, ಹೋದರು. ಊರು ಮಾತ್ರ ಅದೇ ಹೆಸರನ್ನು ಅವರವರ ಉಚ್ಚಾರಣೆಗೆ ತಕ್ಕಂತೆ ಬದಲಿಸಿಕೊಂಡು ಕುಳಿತಿತು.

ನಾಡಪ್ರಭುಗಳ ಮನೆತನ ಇಲ್ಲಿ ನೆಲೆನಿಂತದ್ದು ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ, ಜಯಗೌಡರ ಕಾಲಕ್ಕೆ. ಅವರು ವಿಜಯನಗರದ ಅರಸರಿಗೆ ನಡೆದುಕೊಂಡರು. ಆ ವಂಶದ ಕೆಂಪೇಗೌಡರು 1513ರಲ್ಲಿ ಅಧಿಕಾರಕ್ಕೆ ಬಂದರು. 24 ವರ್ಷ ಇಲ್ಲಿಂದಲೇ ಆಳಿದ ಮೇಲೆ ಅವರು ಹೊಸ ಪೇಟೆಯನ್ನು ಕಟ್ಟಲು ಹೊರಟದ್ದು. 1638ರಲ್ಲಿ ಬಿಜಾಪುರದ ರಣದುಲ್ಲಾಖಾನನೂ ಷಹಾಜಿಯೂ ಬೆಂಗಳೂರನ್ನು ಹಿಡಿದಾಗ ಗೌಡರು ಮಾಗಡಿಗೆ ಸರಿದರು. 1728ರಲ್ಲಿ ಮಾಗಡಿಯೂ ಮೈಸೂರಿಗೆ ಸೇರಿತು. ಯಲಹಂಕದ ಪಾಲಿಗೆ ಉಳಿದದ್ದು ಸಂತೆ, ಕೆರೆ, ಹೊಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹಿಂದೂಪುರದ ಕಡೆಗೆ ರೈಲು ಬಂತು. 1915ರ ಸುಮಾರಿಗೆ ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕಡೆಗೆ ಕಿರಿದಾದ ಹಳಿಯ ಪುಟ್ಟ ರೈಲು ಬಂತು. 1984ರಲ್ಲಿ ರೈಲಿಗೆ ಗಾಲಿ ಎರಕಹೊಯ್ಯುವ ಕಾರ್ಖಾನೆಯೂ ಬಂತು. ಪಕ್ಕದ ಪುಟ್ಟೇನಹಳ್ಳಿಯ ಕೆರೆಯನ್ನು ಮಾತ್ರ ಹಕ್ಕಿಗಳಿಗಾಗಿ ಉಳಿಸಬೇಕೆಂದು 2015ರಲ್ಲಿ ಸರಕಾರ ಗೊತ್ತುಮಾಡಿತು.

ಇಲ್ಲಿಯವರೆಗೆ ಓದಿದವರು, ಮೇಷ್ಟರು ಭಾನುವಾರವನ್ನು ಸುಖವಾಗಿ ಕಳೆಯುತ್ತಾರೆಂದು ತಿಳಿಯಬಹುದು. ಸುಖವೇನೋ ಹೌದು. ಆದರೆ ವಾರವಾರವೂ ನನ್ನನ್ನು ಎಬ್ಬಿಸಿ ಕಳುಹಿಸುವುದು ಸುಖವಲ್ಲ, ಒಂದು ತಪ್ಪು. ಅದನ್ನು ಹೇಳಿಬಿಡುತ್ತೇನೆ.

ಸುಮಾರು ಹತ್ತು ವರ್ಷಗಳ ಹಿಂದಿನ ಮಾತು. ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆಗೆ ಹೋಗುವಾಗ ಎಡಕ್ಕೆ ಒಡೆದ ಒಂದು ಮಣ್ಣುದಾರಿಯಲ್ಲಿ ಇಳಿದಿದ್ದೆ. ಊರಿನ ಹೆಸರು ಬೇಡ. ದ್ರಾಕ್ಷಿತೋಟವೊಂದರ ಮೂಲೆಯಲ್ಲಿ, ಹೊಂಗೆಯ ಮರದ ಕೆಳಗೆ, ಎದೆಯೆತ್ತರದ ಕಲ್ಲು. ಸುಣ್ಣ ಬಳಿದು ಕುಂಕುಮ ಇಟ್ಟಿದ್ದರು. ಮೂರು ಪಟ್ಟಿಕೆಗಳು: ಕೆಳಗೆ ಬಿಲ್ಲು ಹಿಡಿದ ವೀರ ಮತ್ತು ಹಸುಗಳು, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ. ಪಟ್ಟಿಕೆಗಳ ನಡುವಣ ಅಂಚಿನಲ್ಲಿ ನಾಲ್ಕು ಸಾಲು ಅಕ್ಷರ. ಬೆರಳಿನಿಂದ ತಡವಿ ನೋಡಿದಾಗ 'ತುರು' ಎಂಬುದು ಸಿಕ್ಕಿತು. ದನಗಳನ್ನು ಹಿಡಿದೊಯ್ದವರನ್ನು ತಡೆದು ಸತ್ತವನು. ಇನ್ನೊಂದು ಕಡೆ ಹೆಸರಿನ ಕೊನೆಯ 'ಯ್ಯ' ಸಿಕ್ಕಿತು. ಹೆಸರಿನ ಮೊದಲು ಸುಣ್ಣದ ಒಳಗಿತ್ತು. ಪಕ್ಕದ ಗುಡಿಸಲಿನ ಅಜ್ಜಿ ಬಂದು, "ಯಾರ ಕಡೆಯೋರಪ್ಪ ನೀವು? ಈರಣ್ಣನ ಕಲ್ಲು ಅದು. ನಮ್ಮತ್ತೆ ಕಾಲದಿಂದಲೂ ಪೂಜೆ ಮಾಡ್ತೀವಿ" ಎಂದಳು. ನಾನು ಮೇಷ್ಟರೆಂದು ಹೇಳಿದೆ. ಆಕೆ ನೀರು ಕೊಟ್ಟಳು.

ಶಾಸನ ಓದುವವರು ಬಲ್ಲರು: ಸವೆದ ಅಕ್ಷರ ಕಾಣುವುದು ಓರೆಯಾಗಿ ಬೀಳುವ ಬೆಳಗಿನ ಅಥವಾ ಸಂಜೆಯ ಬಿಸಿಲಿನಲ್ಲಿ. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತಿ ಪಡಿಯಚ್ಚು ತೆಗೆದರೆ ಇನ್ನೂ ಚೆನ್ನು. ನನ್ನ ಬಳಿ ಕಾಗದವೂ ಇರಲಿಲ್ಲ, ಮಸಿಯೂ ಇರಲಿಲ್ಲ. ಹೊತ್ತು ನೆತ್ತಿಗೇರಿತ್ತು. ಹಿಂದಿನ ಚಕ್ರ ಪಂಕ್ಚರಾಗಿತ್ತು. ಮನೆಯಲ್ಲಿ ಊಟಕ್ಕೆ ನೆಂಟರು ಬರುವವರಿದ್ದರು. ಮುಂದಿನ ಭಾನುವಾರ ಎಲ್ಲವನ್ನೂ ತಂದು ನಿಧಾನವಾಗಿ ಓದಿದರಾಯಿತೆಂದುಕೊಂಡೆ. ಫೋನಿನಲ್ಲಿ ಒಂದು ಚಿತ್ರ ತೆಗೆದುಕೊಂಡು ಹೊರಟುಬಿಟ್ಟೆ.

ಮುಂದಿನ ಭಾನುವಾರ ಮಳೆ. ಅದರ ಮುಂದೆ ಉತ್ತರಪತ್ರಿಕೆಗಳ ಮೌಲ್ಯಮಾಪನ. ಹೀಗೆ ಏಳು ವಾರ ಕಳೆದವು. ಎಂಟನೆಯ ವಾರ ಹೋದರೆ ದ್ರಾಕ್ಷಿತೋಟವಿಲ್ಲ, ಹೊಂಗೆಯ ಮರವಿಲ್ಲ. ಕೆಂಪು ಮಣ್ಣನ್ನು ಅಂಗೈಯಂತೆ ಸಮಮಾಡಿ, ನಿವೇಶನಗಳಿಗೆ ಸಂಖ್ಯೆ ಬರೆದ ಪುಟ್ಟ ಪುಟ್ಟ ಕಲ್ಲುಗಳನ್ನು ಸಾಲಾಗಿ ನೆಟ್ಟಿದ್ದರು. ಅಜ್ಜಿ ಸಿಕ್ಕಿದಳು.

"ಕಲ್ಲಾ? ಮಿಷಿನ್ನೋನು ಎತ್ತಿ ಮಣ್ಣಿನ ಜೊತೆ ಲಾರಿಗೆ ಹಾಕ್ಬುಟ್ಟ ಕಣಪ್ಪ. ಎಲ್ಲಿಗೆ ಹೋಯ್ತೋ! ಬ್ಯಾಡ ಅಂದ್ರೆ ಯಾರು ಕೇಳ್ತಾರೆ? ಹೋಗ್ಲಿ ಬಿಡಿ, ಮೇಷ್ಟ್ರು ಅವತ್ತು ಬಂದು ನೋಡ್ಕಂಡು ಹೋದ್ರಲ್ಲ, ಬರ್ಕಂಡಿರ್ತಾರೆ ಅಂತ ನಾನು ಸಮಾಧಾನ ಮಾಡ್ಕಂಡೆ" ಎಂದಳು.

ನಾನು ಬರೆದುಕೊಂಡಿರಲಿಲ್ಲ. ಆಕೆಗೆ ಹಾಗೆಂದು ಹೇಳುವ ಧೈರ್ಯವೂ ಬರಲಿಲ್ಲ. ಆ ಚಿತ್ರ ಇಂದಿಗೂ ನನ್ನಲ್ಲಿದೆ. ನೆತ್ತಿಯ ಬಿಸಿಲಿನಲ್ಲಿ ತೆಗೆದದ್ದು. ಸುಣ್ಣದ ಬಿಳುಪು ಬಿಟ್ಟರೆ ಅದರಲ್ಲಿ ಒಂದು ಅಕ್ಷರವೂ ಕಾಣುವುದಿಲ್ಲ. ದನಗಳಿಗಾಗಿ ಪ್ರಾಣಕೊಟ್ಟ ಒಬ್ಬ ಮನುಷ್ಯನ ಹೆಸರು ಎಷ್ಟೋ ನೂರು ವರ್ಷ ಬಿಸಿಲು ಮಳೆಗಳನ್ನು ತಡೆದುಕೊಂಡಿತ್ತು. ಅದನ್ನು ಓದಬಲ್ಲ ಒಬ್ಬನು ಕಡೆಗೊಮ್ಮೆ ಎದುರಿಗೆ ಬಂದು ಕುಳಿತಾಗ ಅವನಿಗೆ ಊಟದ ಹೊತ್ತಾಗಿತ್ತು.

ಇಂಥ ಸಮಯದಲ್ಲಿ ನಾನು ನೆನೆಯುವುದು ಬಿ. ಎಲ್. ರೈಸರನ್ನು. 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಅವರು ಶಾಲೆಗಳ ತನಿಖೆಗಾಗಿ ಹಳ್ಳಿಗಳನ್ನು ಸುತ್ತುವಾಗ ಕಲ್ಲುಗಳ ಮೇಲಿನ ಬರಹಕ್ಕೆ ಮನಸೋತರು. ಮುಂದೆ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿ ಸೀಮೆಸೀಮೆಯ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಅಚ್ಚುಹಾಕಿಸಿದರು. ಬೆಂಗಳೂರು ಜಿಲ್ಲೆಗೆ ಸಂಬಂಧಿಸಿದ ಒಂಬತ್ತನೆಯ ಸಂಪುಟ ಹೊರಬಂದದ್ದು 1905ರಲ್ಲಿ. ಆ ಸಂಪುಟವನ್ನು ಹಿಡಿದುಕೊಂಡು ಇಂದು ಊರೂರು ಅಲೆದರೆ ಎಷ್ಟೋ ಕಡೆ ಕಲ್ಲು ಸಿಕ್ಕುವುದಿಲ್ಲ. ಗುಡಿಯ ಜೀರ್ಣೋದ್ಧಾರದಲ್ಲಿ ಹೋದದ್ದು ಕೆಲವು, ರಸ್ತೆಯ ಅಡಿಗೆ ಸಂದದ್ದು ಕೆಲವು. ಆದರೂ ಅವುಗಳ ಮಾತು ಉಳಿದಿದೆ, ಏಕೆಂದರೆ ಕಂಡ ದಿನ ಯಾರೋ ಕುಳಿತು ಬರೆದುಕೊಂಡರು. ಮೇದರನಿಂಗನಹಳ್ಳಿಗೆ ಬಂಡೆಯ ಮೇಲಿನ ಬರಹ ದಿಕ್ಕಾಯಿತು. ಕಿತ್ತಯನಿಗೆ ಚರಂಡಿಯ ಅಗೆತದ ವೇಳೆ ಕಣ್ಣು ತೆರೆದಿದ್ದ ನಾಲ್ಕು ಮಂದಿ ದಿಕ್ಕಾದರು. ನನ್ನ '…ಯ್ಯ'ನಿಗೆ ನಾನು ದಿಕ್ಕಾಗಲಿಲ್ಲ.

ಅಂದಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ. ಕಲ್ಲು ಕಂಡರೆ ಓದದೆ ಬರುವುದಿಲ್ಲ. ಬಿಸಿಲು ಸರಿಯಿಲ್ಲವೆಂದರೆ ಸಂಜೆಯವರೆಗೆ ಕಾಯುತ್ತೇನೆ. ಕೈಗನ್ನಡಿಯಿಂದ ಬೆಳಕನ್ನು ಓರೆಯಾಗಿ ಬೀಳಿಸುವುದನ್ನೂ ಕಲಿತಿದ್ದೇನೆ. ಅರ್ಥವಾಗದ ಅಕ್ಷರದ ಆಕಾರವನ್ನಾದರೂ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತೇನೆ. ವಿದ್ಯಾರ್ಥಿಗಳಿಗೂ ಇದನ್ನೇ ಹೇಳುತ್ತೇನೆ. ಹೋದ ವರ್ಷ ಯಲಹಂಕದ ಕಡೆಯ ಒಬ್ಬ ಹುಡುಗಿ ತರಗತಿ ಮುಗಿದ ಮೇಲೆ ಬಂದು, "ಸಾರ್, ನಮ್ಮಜ್ಜಿ ಮನೇಲಿ ಬಟ್ಟೆ ಒಗೆಯೋ ಕಲ್ಲಿನ ಅಡಿಯಲ್ಲಿ ಏನೋ ಬರೆದಿದೆ" ಎಂದಳು. ಗಂಗರೋ ಹೊಯ್ಸಳರೋ ಎಂದು ಆಸೆಯಿಂದ ಹೋದೆ. ಇಬ್ಬರು ಸೇರಿ ಕಲ್ಲನ್ನು ಮಗುಚಿದರು. ನೂರು ವರ್ಷವೂ ಆಗಿರದ ಬರಹ. ಬಾವಿಯೊಂದನ್ನು ತೋಡಿಸಿದ ಹೆಂಗಸಿನ ಹೆಸರು, ಅವಳ ಗಂಡನ ಹೆಸರು, ಸಂವತ್ಸರ, ಅಷ್ಟೇ. ಬಾವಿ ಮುಚ್ಚಿಹೋಗಿ ಬಹಳ ಕಾಲವಾಗಿತ್ತು. ಹುಡುಗಿ ಹೆಸರನ್ನು ಎರಡು ಸಲ ಓದಿದಳು. "ಸಾರ್, ಇದು ನಮ್ಮಜ್ಜಿಯ ಅತ್ತೆಯ ಹೆಸರು" ಎಂದಳು. ಅಜ್ಜಿ ಒಳಗಿನಿಂದ ಅರಿಸಿನ ತಂದು ಕಲ್ಲಿಗೆ ಹಚ್ಚಿದರು. ಮರುದಿನದಿಂದ ಬಟ್ಟೆ ಒಗೆಯಲು ಬೇರೆ ಕಲ್ಲು ಬಂತು.

ಓದುಗರಲ್ಲಿ ಬೈಸಿಕಲ್ಲು ಇರುವವರು ಒಂದು ಭಾನುವಾರ ಅದರ ಧೂಳು ಒರೆಸಿ ಹೊರಡಲಿ. ದೂರ ಹೋಗಬೇಕಾದ್ದಿಲ್ಲ. ತಮ್ಮ ಬಡಾವಣೆ ಎದ್ದ ಹಳ್ಳಿಯ ಗುಡಿ ಎಲ್ಲಿದೆ, ಕೆರೆಯ ಕೋಡಿ ಯಾವ ಕಡೆಗೆ, ಅರಳಿಕಟ್ಟೆಯ ಮೇಲೆ ಒರಗಿಸಿದ ಕಲ್ಲಿನಲ್ಲಿ ಏನಿದೆ ಎಂದು ನೋಡಲಿ. ಓದಲು ಬಾರದಿದ್ದರೆ ಓದಬಲ್ಲವರಿಗೆ ಹೇಳಲಿ, ಆದರೆ ಅಂದೇ ಹೇಳಲಿ.

ಈ ಲೇಖನವನ್ನು ಬರೆದು ಮುಗಿಸಿದ್ದು ಒಂದು ಶನಿವಾರದ ರಾತ್ರಿ. ಮರುದಿನ ಬೆಳಗ್ಗೆ ಬೈಸಿಕಲ್ಲನ್ನು ಹೊರಗೆ ತಂದಾಗ ತಂದೆಯವರು ಎಂದಿನಂತೆ ಕೇಳಿದರು.

"ಮತ್ತೆ ಯಲಹಂಕವೇ? ಮುಗಿಯದಷ್ಟು ಏನಿದೆಯೋ ಅಲ್ಲಿ?"

"ಮುಗಿಯುತ್ತ ಇದೆ, ಅಪ್ಪ. ಅದಕ್ಕೇ ಹೋಗುತ್ತೇನೆ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದರೆ ಹಿಂದಿನ ಚಕ್ರದ ಗಾಳಿ ಒಂದು ಸಲ ನೋಡಿಕೋ" ಎಂದರು.